ಗೊರೂರು ಹಿನ್ನೀರಿನಲ್ಲಿ ಟ್ರೌಟ್ ಬದುಕುವುದಿಲ್ಲ ಸಾರ್

ಹೇಮಾವತಿ ಅಣೆಕಟ್ಟಿನ ಗೊರೂರು ಹಿನ್ನೀರಿಗೆ ಟ್ರೌಟ್ ಮರಿ ಬಿಟ್ಟರೆ ಹೊರದೇಶದವರ ಹಾಗೆ ನಾವೂ ಹುಟ್ಟು ಹಾಕುವ ಸಣ್ಣ ದೋಣಿ ಕಯಾಕ್‌ನಲ್ಲಿ ಕೂತು ಹಿಡಿಯಬಹುದು ಅಂತ ಬರೆದಿದ್ದೀರಲ್ಲ, ಆ ಮಾತು ಒಪ್ಪಲು ಆಗುತ್ತಿಲ್ಲ. ಟ್ರೌಟ್, ಸಾಲ್ಮನ್ ಎರಡೂ ತಣ್ಣೀರಿನ ಮೀನುಗಳು. ನೀರು 20 ಡಿಗ್ರಿ ದಾಟಿದರೆ ಒದ್ದಾಡುತ್ತವೆ, 25ರ ಹತ್ತಿರ ಬಂದರೆ ಉಳಿಯುವುದೇ ಕಷ್ಟ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಅಲ್ವಾ? ಹಿಮ ಕರಗಿ ತುಂಬುವ ಆಳದ ಸರೋವರದಲ್ಲಿ ಬೇಸಿಗೆಗೆ ಮೇಲಿನ ನೀರು ಕಾದರೂ ಕೆಳಗೆ ತಂಪು ಇರುತ್ತದೆ, ಮೀನು ಅಲ್ಲಿಗೆ ಇಳಿಯುತ್ತದೆ. ಅದಕ್ಕೇ ಅಲ್ಲಿನವರು ದಾರಕ್ಕೆ ಭಾರ ಕಟ್ಟಿ, ನಿಧಾನವಾಗಿ ಹುಟ್ಟು ಹಾಕುತ್ತಾ ಗಾಳವನ್ನು ಆಳದಲ್ಲಿ ಎಳೆಯುವುದು. ನಮ್ಮಲ್ಲಿ ಬೇಸಿಗೆ ಬರುವಷ್ಟರಲ್ಲಿ ಹಿನ್ನೀರು ಇಳಿದಿರುತ್ತದೆ. ಏಪ್ರಿಲ್ ಮಧ್ಯಾಹ್ನ ದಡದಲ್ಲಿ ಮೊಣಕೈವರೆಗೆ ಕೈ ಇಳಿಸಿ ನೋಡಿ, ಉಗುರುಬೆಚ್ಚಗೆ ಇರುತ್ತದೆ. ನೀಲಗಿರಿ, ಮುನ್ನಾರ್‌ನಲ್ಲಿ ಟ್ರೌಟ್ ಬದುಕಿರುವುದು ಅಲ್ಲಿನ ಎತ್ತರದ ಚಳಿಯಿಂದ. ಹಾಸನ ಜಿಲ್ಲೆಯ ಹಿನ್ನೀರನ್ನು ಅದಕ್ಕೆ ಹೋಲಿಸುವುದು ಸರಿಯಲ್ಲ.

ಕಯಾಕ್ ಮೀನು ಹಿಡಿಯಲು ಒಳ್ಳೆಯದು ಅಂತ ನೀವು ಹೇಳಿದ್ದು ಮಾತ್ರ ನೂರಕ್ಕೆ ನೂರು ನಿಜ. ಸದ್ದಿಲ್ಲ, ಮೀನು ಬೆದರುವುದಿಲ್ಲ. ಆದರೆ ಆಷಾಢದ ಗಾಳಿ ಬಗ್ಗೆ ಒಂದು ಸಾಲಾದರೂ ಬರೆಯಬೇಕಿತ್ತು. ಶೆಟ್ಟಿಹಳ್ಳಿ ಚರ್ಚ್ ಕಡೆ ಒಮ್ಮೆ ಗಾಳಿ ಎದ್ದಾಗ ನನ್ನ ಕಯಾಕ್ ಅಡ್ಡ ತಿರುಗಿತು. ಎಷ್ಟು ಹುಟ್ಟು ಹಾಕಿದರೂ ಮುಂದೆ ಹೋಗಲಿಲ್ಲ, ಅಲೆ ಮಡಿಲಿಗೇ ಬಡಿಯುತ್ತಿತ್ತು. ಲೈಫ್ ಜಾಕೆಟ್ ಇಲ್ಲದೆ ಯಾರೂ ಇಳಿಯಬೇಡಿ. ಮೀನುಗಾರಿಕೆ ಇಲಾಖೆಯಲ್ಲಿ ಅನುಮತಿ ವಿಚಾರಿಸಿಕೊಂಡು, ಇಲ್ಲೇ ಇರುವ ಕಾಟ್ಲಾ, ರೋಹುಗೆ ಗಾಳ ಹಾಕಿ. ಮಹಸೀರ್ ಬಿದ್ದರೆ ಮೇಲೆತ್ತಬೇಡಿ, ನೀರಿನಲ್ಲೇ ಇಟ್ಟು ಕೊಕ್ಕೆ ಬಿಡಿಸಿ ಬಿಟ್ಟುಬಿಡಿ.