ಮುಕ್ಕಾಲು ಟ್ಯಾಂಕಿನ ಮಹಾತ್ಮೆ

ನಮ್ಮ ಮೋಟಾರ್ ಹೋಮ್‌ನ, ಅಂದರೆ ಒಳಗೇ ಮನೆಯಿರುವ ಗಾಡಿಯ, ಬಾಗಿಲ ಪಕ್ಕದಲ್ಲಿ ಪುಟ್ಟ ಫಲಕವೊಂದಿದೆ. ಗುಂಡಿ ಒತ್ತಿದರೆ ಸಾಕು, ಒಳ್ಳೆ ನೀರು ಎಷ್ಟಿದೆ, ಸಿಂಕು–ಸ್ನಾನದ ನೀರು ಸೇರುವ ಬೂದು ಟ್ಯಾಂಕ್ ಎಷ್ಟು ತುಂಬಿದೆ, ಕಕ್ಕಸಿನ ಕಪ್ಪು ಟ್ಯಾಂಕ್ ಯಾವ ಸ್ಥಿತಿಯಲ್ಲಿದೆ, ಬ್ಯಾಟರಿ ಬದುಕಿದೆಯಾ, ಎಲ್ಲವನ್ನೂ ದೀಪಗಳು ಹೇಳುತ್ತವೆ. ಗಾಡಿ ಕೊಂಡ ಹೊಸದರಲ್ಲಿ ನಾನು ಅದರ ಮುಂದೆ ದೇವರ ಎದುರು ನಿಂತ ಹಾಗೆ ನಿಲ್ಲುತ್ತಿದ್ದೆ. ಈಗ ಅದರ ಮಾತನ್ನು ಚುನಾವಣಾ ಭಾಷಣದ ಹಾಗೆ ಕೇಳುತ್ತೇನೆ.

ಮೊದಲು ಕೈಕೊಟ್ಟದ್ದು ಕಪ್ಪು ಟ್ಯಾಂಕ್. ಒಂದು ಕ್ಯಾಂಪಿನಲ್ಲಿ ನಾವು ನಿಂತ ಜಾಗದಲ್ಲೇ ಚರಂಡಿ ಪೈಪ್ ಇತ್ತು. ನನ್ನ ತಲೆ ಓಡಿತು. ಪೈಪ್ ಜೋಡಿಸಿ ವಾಲ್ವ್ ತೆಗೆದೇ ಇಟ್ಟರೆ, ಬಂದದ್ದೆಲ್ಲ ಬಂದ ಹಾಗೇ ಹೋಗುತ್ತದೆ, ಅಲ್ವಾ? ತುಂಬುವ ತಾಪತ್ರಯವೇ ಇಲ್ಲ! ಹೆಂಡತಿಗೆ ಇದನ್ನು ಸಾಕಷ್ಟು ಹೆಮ್ಮೆಯಿಂದಲೇ ವಿವರಿಸಿದೆ.

ಹೋಗಿದ್ದು ನೀರು ಮಾತ್ರ. ಗಟ್ಟಿ ಸರಕು ಕದಲದೆ ಅಲ್ಲೇ ಕೂತು, ದಿನದಿಂದ ದಿನಕ್ಕೆ ಗುಡ್ಡವಾಗಿ ಬೆಳೆಯಿತು. ಈ ವಾಲ್ವನ್ನು ಮುಚ್ಚೇ ಇಡಬೇಕು, ಟ್ಯಾಂಕ್ ಮೂರರಲ್ಲಿ ಎರಡು ಪಾಲಾದರೂ ತುಂಬಿದ ಮೇಲೆ ಒಂದೇ ಸಲಕ್ಕೆ ಬಿಡಬೇಕು. ಆಗ ನೀರಿನ ರಭಸಕ್ಕೆ ಎಲ್ಲವೂ ಕೊಚ್ಚಿಕೊಂಡು ಹೋಗುತ್ತದೆ. ಇದು ನನಗೆ ಗೊತ್ತಾಗಿದ್ದು ನಾಲ್ಕನೇ ದಿನ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯನ್ನು ಹೆಂಡತಿ ಹೇಳಲು ಹೊರಟು, ಸಂದರ್ಭ ನೆನೆದು ಅರ್ಧಕ್ಕೇ ನಿಲ್ಲಿಸಿದಳು.

ಪರಿಹಾರ ಸರಳ. ವಾಲ್ವ್ ಮುಚ್ಚಿ, ಕಮೋಡಿನಿಂದ ಬಕೆಟ್‌ಗಟ್ಟಲೆ ನೀರು ಸುರಿದು, ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಗಾಡಿಯನ್ನು ಒಂದು ಸುತ್ತು ಓಡಿಸಬೇಕು. ತಿರುವಿನಲ್ಲೆಲ್ಲ ಹಿಂದಿನಿಂದ ಗುಳುಂ ಗುಳುಂ ಸದ್ದು. ಅಷ್ಟು ಜೋಪಾನವಾಗಿ ನಾನು ಜನ್ಮದಲ್ಲೇ ಗಾಡಿ ಓಡಿಸಿರಲಿಲ್ಲ. ವಾಪಸ್ ಬಂದು ಮೊದಲು ಕಪ್ಪು ಟ್ಯಾಂಕ್ ಬಿಟ್ಟೆ, ಆಮೇಲೆ ಬೂದು. ಕ್ರಮ ತಪ್ಪಬಾರದು, ಯಾಕೆಂದರೆ ಹಿಂದೆ ಬರುವ ಸೋಪು ನೀರೇ ಪೈಪನ್ನು ತೊಳೆಯುವುದು. ಕೈ ಕೆಸರಾಯಿತು. ಬಾಯಿ ಮೊಸರಿನ ಯೋಚನೆ ಆ ಹೊತ್ತಿಗೆ ಯಾರಿಗೂ ಬರಲಿಲ್ಲ.

ಟ್ಯಾಂಕ್ ಖಾಲಿ! ಓಡಿ ಹೋಗಿ ಗುಂಡಿ ಒತ್ತಿದೆ. ಫಲಕ ಹೇಳಿತು: ಮುಕ್ಕಾಲು.

ಒಳಗೆ ಟ್ಯಾಂಕಿನ ಗೋಡೆಗೆ ಪುಟ್ಟ ಲೋಹದ ಮೊಳೆಗಳಿರುತ್ತವೆ. ನೀರು ಮುಟ್ಟಿದರೆ ವಿದ್ಯುತ್ ಹರಿದು ದೀಪ ಹತ್ತುತ್ತದೆ. ಆದರೆ ಒದ್ದೆ ಕಾಗದ ಅಂಟಿಕೊಂಡರೂ ಅದಕ್ಕೆ ಅಷ್ಟೇ ಸಾಕು. ಅಂದಿನಿಂದ ನಮ್ಮ ಟ್ಯಾಂಕ್ ತುಂಬಿದಾಗಲೂ ಮುಕ್ಕಾಲು, ತೊಳೆದಾಗಲೂ ಮುಕ್ಕಾಲು. ಸ್ಥಿತಪ್ರಜ್ಞ ಅಂದರೆ ಇದೇ ಇರಬೇಕು.

ವಾಸನೆ? ಅದೂ ಹೋಯಿತು ಅಂದುಕೊಂಡೆವು. ಸ್ವಲ್ಪ ಗಾಳಿಯಾಡಲಿ ಅಂತ ಬಚ್ಚಲಿನ ಛಾವಣಿ ಫ್ಯಾನ್ ಹಾಕಿಕೊಂಡೇ ಫ್ಲಶ್ ಮಾಡಿದೆ. ಫ್ಯಾನ್ ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ ನೋಡಿ, ಖಾಲಿಯಾದ ಜಾಗಕ್ಕೆ ಗಾಳಿ ಎಲ್ಲಿಂದ ಬರಬೇಕು? ಬಾಯಿ ತೆರೆದ ಟ್ಯಾಂಕಿನಿಂದ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದಿತು. ನಮ್ಮ ವಿಷಯದಲ್ಲಿ ಗವಾಕ್ಷಿ ಕೆಳಗಡೆ ಇತ್ತು, ಅಷ್ಟೇ.

ನೀರಿನ ಪಂಪ್‌ನದು ಬೇರೆ ಕಥೆ. ಅದು ಸುಳ್ಳು ಹೇಳುವುದಿಲ್ಲ, ನಾವೇ ಕೇಳಿಸಿಕೊಳ್ಳುವುದಿಲ್ಲ. ನಲ್ಲಿ ತಿರುಗಿಸಿದಾಗ ಪೈಪಿನ ಒತ್ತಡ ಇಳಿದು ಪಂಪ್ ಓಡುತ್ತದೆ, ನಲ್ಲಿ ನಿಲ್ಲಿಸಿದರೆ ಒತ್ತಡ ಏರಿ ತಾನೇ ನಿಲ್ಲುತ್ತದೆ. ಒಂದು ರಾತ್ರಿ ಎರಡು ಗಂಟೆಗೆ ಟರ್‌ರ್‌ರ್ ಅಂತ ಸದ್ದು. ಹೆಂಡತಿ ನನ್ನನ್ನು ತಿವಿದು ಮಗ್ಗುಲಾಗಲು ಹೇಳಿದಳು. ಮಗ್ಗುಲಾದೆ. ಹತ್ತು ನಿಮಿಷ ಬಿಟ್ಟು ಮತ್ತೆ ಟರ್‌ರ್‌ರ್. ಈ ಸಲ ನಾನು ಎಚ್ಚರವಾಗಿದ್ದೆ, ಹಾಗಾಗಿ ಗೊರಕೆಯ ಆರೋಪ ಬಿದ್ದುಹೋಯಿತು.

ಯಾರೂ ನಲ್ಲಿ ಮುಟ್ಟದೆ ಪಂಪ್ ಓಡಿದರೆ ಎಲ್ಲೋ ನೀರು ಸೋರುತ್ತಿದೆ ಅಂತ ಅರ್ಥ. ಸಿಂಕಿನ ಕೆಳಗೆ ತಲೆ ತೂರಿಸಿದೆ. ಹಾಸಿಗೆ ಎತ್ತಿ ಹೀಟರ್‌ನ ಜೋಡಣೆಗಳನ್ನೆಲ್ಲ ಒಣ ಕಾಗದದಿಂದ ಒರೆಸಿ ನೋಡಿದೆ. ಎಲ್ಲವೂ ಒಣ. ಬೆಳಗಿನ ಜಾವ ಹೊರಗೆ ಕಾಲಿಟ್ಟಾಗ ಪಚಕ್ ಅಂದಿತು. ಗಾಡಿಯ ಹೊರಗೋಡೆಯಲ್ಲಿ ಇನ್ನೊಂದು ಶವರ್ ಇದೆ. ಸಂಜೆ ಕೆಸರು ಕಾಲು ತೊಳೆದವರು ಅದರ ನಲ್ಲಿಯನ್ನು ಪೂರ್ತಿ ನಿಲ್ಲಿಸಿರಲಿಲ್ಲ. ಯಾರು ತೊಳೆದಿದ್ದು ಅನ್ನುವುದು ಇಲ್ಲಿ ಮುಖ್ಯವಲ್ಲ.

ಬ್ಯಾಟರಿಯ ಬಗ್ಗೆ ನನಗೆ ಜಾಸ್ತಿ ಕೋಪವಿದೆ. ನಮ್ಮದು 12 ವೋಲ್ಟಿನ, 100 ಆಂಪಿಯರ್-ಅವರ್‌ನ ಸೀಸ-ಆಮ್ಲದ ಬ್ಯಾಟರಿ. ಗುಣಿಸಿದರೆ 1200 ವ್ಯಾಟ್-ಅವರ್. ಅದರಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬ್ಯಾಟರಿಯ ಆಯುಸ್ಸು ಕಡಿಮೆಯಾಗುತ್ತದೆ, ಹಾಗಾಗಿ ಕೈಗೆ ಸಿಗುವುದು 600. ಈ ಲೆಕ್ಕ ನಾನು ಆಮೇಲೆ ಕಲಿತದ್ದು. ಒಂದು ಬೆಳಗ್ಗೆ ಚಾರ್ಜರ್ ತಂತಿ ಕಿತ್ತ ತಕ್ಷಣ ಫಲಕ ನೋಡಿದೆ, ಫುಲ್ ಅಂದಿತು. ಚಾರ್ಜರ್‌ನಿಂದ ಕಿತ್ತ ಬ್ಯಾಟರಿ ಸ್ವಲ್ಪ ಹೊತ್ತು ಹೀಗೇ ಎದೆಯುಬ್ಬಿಸಿಕೊಂಡಿರುತ್ತದೆ. ಕೆಲವು ಗಂಟೆ ಸುಮ್ನೆ ಬಿಟ್ಟು ಅಳೆದರೆ ನಿಜ ಗೊತ್ತಾಗುತ್ತದೆ: 12.7 ವೋಲ್ಟ್ ಇದ್ದರೆ ಪೂರ್ತಿ, 12.1ರ ಹತ್ತಿರ ಇದ್ದರೆ ಅರ್ಧ.

ನಾನು ಸ್ನಾನಕ್ಕೆ ಹೋದೆ. ತಲೆಗೆ ಶಾಂಪೂ ಹಾಕಿದ್ದೆ. ಆಗ ಮಗಳು ಇನ್ವರ್ಟರ್ ಹಾಕಿ 1500 ವ್ಯಾಟಿನ ಹೇರ್ ಡ್ರೈಯರ್ ಚಾಲು ಮಾಡಿದಳು. 12 ವೋಲ್ಟಿನ ಬ್ಯಾಟರಿಯಿಂದ ಅಷ್ಟು ಎಳೆಯಲು 125 ಆಂಪಿಯರ್‌ಗೂ ಜಾಸ್ತಿ ಬೇಕು. ಇನ್ವರ್ಟರ್ ಕುಯ್ಯೋ ಅಂತ ಅತ್ತಿತು. ದೀಪ ಮಂಕಾಯಿತು. ಪಂಪ್ ಕೂಡ ಅದೇ ಬ್ಯಾಟರಿಯದು, ಅದೂ ನಿಂತಿತು. ಗ್ಯಾಸ್ ತುಂಬಿದ್ದರೂ ಹೀಟರ್ ಆರಿತು, ಯಾಕೆಂದರೆ ಅದರ ಕಿಡಿಗೂ ವಾಲ್ವಿಗೂ ಬೇಕಾದದ್ದು ಅದೇ 12 ವೋಲ್ಟ್. ಕಣ್ಣು ಬಿಡಲಾಗದೆ ನಾನು ಕೂಗಿದೆ. ಮಗಳು ಫಲಕ ನೋಡಿ ಬಂದು ಸಮಾಧಾನ ಹೇಳಿದಳು: "ನೀರು ಫುಲ್ ಇದೆ ಅಪ್ಪಾ!" ಅದೊಂದು ಮಾತ್ರ ನಿಜವಾಗಿತ್ತು.

ಈಗ ಕಪ್ಪು ಟ್ಯಾಂಕ್ ಎಷ್ಟು ತುಂಬಿದೆ ಅಂತ ನೋಡಲು ಫಲಕದ ಹತ್ತಿರ ಹೋಗುವುದಿಲ್ಲ. ಕಮೋಡಿನ ಪೆಡಲ್ ಒತ್ತಿ, ಬಗ್ಗಿ, ಮೊಬೈಲ್ ಬೆಳಕಿನಲ್ಲಿ ಕಣ್ಣಾರೆ ನೋಡುತ್ತೇನೆ. ಮೊಬೈಲಿಗೆ ಹೆಂಡತಿ ಗಟ್ಟಿ ದಾರ ಕಟ್ಟಿ, ಇನ್ನೊಂದು ತುದಿಯನ್ನು ನನ್ನ ಮಣಿಕಟ್ಟಿಗೆ ಬಿಗಿದಿದ್ದಾಳೆ. ಇದು ಈ ವರ್ಷದ ಎರಡನೇ ಮೊಬೈಲು.