ಕೂಗಿ ಓಡಿಸಿದ ಬಟರ್‌ಫ್ಲೈಯನ್ನು ಲಾ ಸ್ಕಾಲಾ ಮತ್ತೆ ಕರೆದ ದಿನ

ಹೊಸ ಒಪೆರಾ ರಂಗಕ್ಕೆ ಬಂದ ಮಾರನೆಯ ಬೆಳಿಗ್ಗೆಯೇ ಗೆದ್ದಿತು, ಬಿದ್ದಿತು ಎಂದು ತೀರ್ಪು ಕೊಟ್ಟುಬಿಡುವ ಅಭ್ಯಾಸ ನನಗೆ ಯಾವತ್ತೂ ಹಿಡಿಸಿಲ್ಲ. ಮೊದಲ ಪ್ರದರ್ಶನದ ದಿನ ಪ್ರೇಕ್ಷಕರು ಹಾಡನ್ನಷ್ಟೇ ಕೇಳುವುದಿಲ್ಲ. ಯಾರು ಬಂದಿದ್ದಾರೆ, ಯಾರು ಬಂದಿಲ್ಲ, ಪಕ್ಕದವನು ಚಪ್ಪಾಳೆ ತಟ್ಟಿದನೋ ಮೂಗು ಮುರಿದನೋ ಎಂಬುದನ್ನೂ ನೋಡುತ್ತಿರುತ್ತಾರೆ. ಅಂಥ ಗದ್ದಲದಲ್ಲಿ ಹುಟ್ಟಿದ ತೀರ್ಪು ಒಂದು ಕೃತಿಯ ಹಣೆಬರಹವನ್ನೇ ತಿದ್ದಿಬಿಡುತ್ತದೆ ಎಂಬುದಕ್ಕೆ ಇಟಲಿಯ ಸಂಗೀತಕಾರ ಪುಚ್ಚಿನಿಯ 'ಮದಾಮಾ ಬಟರ್‌ಫ್ಲೈ'ಗಿಂತ ದೊಡ್ಡ ಸಾಕ್ಷಿ ನನಗೆ ಸಿಕ್ಕಿಲ್ಲ. ಈ ಕೃತಿಗೆ ಒಂದೇ ರಂಗಮಂದಿರದಲ್ಲಿ, ಮಿಲಾನ್ ನಗರದ ಲಾ ಸ್ಕಾಲಾದಲ್ಲಿ, 112 ವರ್ಷಗಳ ಅಂತರದಲ್ಲಿ, ಎರಡು ಬಾರಿ ಮೊದಲ ಪ್ರದರ್ಶನದ ಪರೀಕ್ಷೆ ನಡೆಯಿತು. ಮೊದಲ ಸಲ ಕೂಗಿ ಓಡಿಸಿದರು. ಎರಡನೆಯ ಸಲ ಅದೇ ರೂಪಕ್ಕೆ ಎದ್ದು ನಿಂತು ಚಪ್ಪಾಳೆ ಹೊಡೆದರು.

ಮಿಲಾನ್‌ನಲ್ಲಿ ಡಿಸೆಂಬರ್ 7 ಎಂದರೆ ಊರಿನ ಪೋಷಕ ಸಂತ ಅಂಬ್ರೋಜೊನ ಹಬ್ಬ. 1951ರಿಂದ ಈಚೆಗೆ ಲಾ ಸ್ಕಾಲಾದ ಹೊಸ ಪ್ರದರ್ಶನ ಋತು ಶುರುವಾಗುವುದೂ ಅದೇ ಸಂಜೆ. ಅವತ್ತು ಕೆಳಗಿನ ಒಳ್ಳೆಯ ಸೀಟುಗಳ ಬೆಲೆ ಎರಡು ಸಾವಿರ ಯೂರೋ ದಾಟುತ್ತದೆ. ಮಂತ್ರಿಗಳು, ಉದ್ಯಮಿಗಳು, ಫ್ಯಾಷನ್ ಲೋಕದವರು ಎಲ್ಲರೂ ಬರುತ್ತಾರೆ. ಹೊರಗಿನ ಚೌಕದಲ್ಲಿ ಪೊಲೀಸರ ಸಾಲು, ಅದರಾಚೆ ಯಾವುದಾದರೊಂದು ಪ್ರತಿಭಟನೆ. 1968ರಲ್ಲಿ ವಿದ್ಯಾರ್ಥಿಗಳು ತುಪ್ಪಳದ ಕೋಟು ತೊಟ್ಟು ಬಂದವರ ಮೇಲೆ ಮೊಟ್ಟೆ ಎಸೆದಿದ್ದರು. ಕೆಳಗೆ ಕೂತವರು ಹೇಗೇ ಇರಲಿ, ಗಾಯಕರಿಗೆ ನಿಜವಾದ ಹೆದರಿಕೆ ಇರುವುದು ಎಲ್ಲಕ್ಕಿಂತ ಮೇಲೆ, ಚಾವಣಿಗೆ ತಾಗಿದಂತಿರುವ ಅಗ್ಗದ ಗ್ಯಾಲರಿಯದು. ಅದಕ್ಕೆ ಲೊಜ್ಜೋನೆ ಎನ್ನುತ್ತಾರೆ. ಅಲ್ಲಿ ಕೂರುವವರಿಗೆ ಪ್ರತಿ ಸ್ವರವೂ ಬಾಯಿಪಾಠ. ಸರಿ ಕಾಣದಿದ್ದರೆ ಯಾರ ಮುಲಾಜೂ ಇಲ್ಲದೆ ಕೂಗುತ್ತಾರೆ. 2006ರ ಋತುವಿನ 'ಐದಾ' ಒಪೆರಾದಲ್ಲಿ, ಎರಡನೆಯ ಪ್ರದರ್ಶನದ ದಿನ, ಗಾಯಕ ರೊಬೆರ್ತೊ ಅಲಾನ್ಯಾ ತಮ್ಮ ಮೊದಲ ಹಾಡಿಗೇ ಮೇಲಿನಿಂದ ಕೂಗು ಬಂತೆಂದು ರಂಗದಿಂದ ನಡೆದೇಬಿಟ್ಟರು. ಬದಲಿ ಗಾಯಕ ಪಾತ್ರದ ಉಡುಪೂ ಇಲ್ಲದೆ, ತಾನು ತೊಟ್ಟಿದ್ದ ಬಟ್ಟೆಯಲ್ಲೇ ಓಡಿಬಂದು ಹಾಡು ಮುಂದುವರಿಸಿದ.

ಲೊಜ್ಜೋನೆಯವರ ಮೇಲೆ ನನಗೆ ಸಿಟ್ಟಿಲ್ಲ, ಗೌರವವೇ ಇದೆ. ಕೆಲಸ ಮುಗಿಸಿ, ಸಾಲಿನಲ್ಲಿ ನಿಂತು ಟಿಕೆಟ್ ತಗೊಂಡು, ಕತ್ತು ನೋಯುವವರೆಗೆ ಬಗ್ಗಿ ನೋಡುವ ಜನ ಅವರು. ಕೇಳಿಸಿಕೊಂಡ ಮೇಲೆ ಕೂಗುವ ಹಕ್ಕು ಅವರಿಗಿದೆ. ನನ್ನ ತಕರಾರು ಇರುವುದು ಕೇಳಿಸಿಕೊಳ್ಳುವ ಮೊದಲೇ ಕೂಗುವವರ ಜೊತೆ.

1904ರ ಫೆಬ್ರವರಿ 17ರಂದು ಆದದ್ದು ಹಾಗೆ. ಆಗ ಪುಚ್ಚಿನಿಗೆ 45 ವರ್ಷ. ಅವರ ಹಿಂದಿನ ಒಪೆರಾಗಳಾದ 'ಲಾ ಬೊಹೆಮ್', 'ತೋಸ್ಕಾ' ಎರಡೂ ಗೆದ್ದಿದ್ದವು. ಹಿಂದಿನ ವರ್ಷ ಕಾರು ಅಪಘಾತದಲ್ಲಿ ಕಾಲು ಮುರಿದು ತಿಂಗಳುಗಟ್ಟಲೆ ಮಲಗಿದ್ದ ಮನುಷ್ಯ ಆ ನೋವಿನಲ್ಲೇ ಬರೆದು ಮುಗಿಸಿದ ಕೃತಿ ಇದು. ತಾನು ಬರೆದದ್ದರಲ್ಲೆಲ್ಲ ಇದೇ ಶ್ರೇಷ್ಠ ಎಂಬ ನಂಬಿಕೆಯಿಂದ ಮನೆಯವರನ್ನೂ ಕರೆತಂದಿದ್ದರು. ಕಥೆಯ ಜಪಾನೀ ಹುಡುಗಿ ಬಟರ್‌ಫ್ಲೈ ಪಾತ್ರಕ್ಕೆ ರೊಸೀನಾ ಸ್ತೋರ್ಕಿಯೊ, ಅವಳನ್ನು ಬಿಟ್ಟುಹೋಗುವ ಅಮೆರಿಕದ ಅಧಿಕಾರಿ ಪಿಂಕರ್ಟನ್ ಪಾತ್ರಕ್ಕೆ ಜೊವಾನಿ ಜೆನತೆಲ್ಲೊ, ಸಂಗೀತ ನಿರ್ವಹಣೆ ಕ್ಲಿಯೊಫೊಂತೆ ಕಂಪನೀನಿ. ಯಾರೂ ಸಾಮಾನ್ಯರಲ್ಲ.

ಬಟರ್‌ಫ್ಲೈ ರಂಗಪ್ರವೇಶ ಮಾಡುವ ಹಾಡು ಶುರುವಾಗುತ್ತಿದ್ದಂತೆ 'ಬೊಹೆಮ್, ಬೊಹೆಮ್' ಎಂದು ಕೂಗು ಎದ್ದಿತು. ಹಳೆಯದನ್ನೇ ಮತ್ತೆ ಹಾಡಿಸುತ್ತಿದ್ದಾನೆ ಎಂಬ ಆಪಾದನೆ ಅದು. ಎರಡನೆಯ ಅಂಕದಲ್ಲಿ ಸ್ತೋರ್ಕಿಯೊ ತಿರುಗುವಾಗ ಕಿಮೊನೊ ಗಾಳಿಗೆ ಉಬ್ಬಿತು. ತಕ್ಷಣ ಯಾರೋ 'ಬಟರ್‌ಫ್ಲೈ ಬಸುರಿ' ಎಂದು ಅರಚಿದರು. ಆ ಗಾಯಕಿಗೂ ಸಂಗೀತ ನಿರ್ವಾಹಕ ತೊಸ್ಕಾನಿನಿಗೂ ಇದ್ದ ಸಂಬಂಧ ಊರಿಗೆಲ್ಲ ಗೊತ್ತಿತ್ತು, ಹಾಗಾಗಿ ತೊಸ್ಕಾನಿನಿಯ ಹೆಸರೂ ಕೂಗಿನಲ್ಲಿ ಸೇರಿಕೊಂಡಿತು. ಗಂಡನ ಹಡಗು ಬಂತೆಂದು ರಾತ್ರಿಯಿಡೀ ಕಣ್ಣು ಮುಚ್ಚದೆ ಕಾದು ಕುಳಿತ ಹುಡುಗಿಗೆ ಬೆಳಗಾಗುವ ಹೊತ್ತು, ನಿಜವಾದ ಮುಂಜಾವು ಅನ್ನಿಸಲಿ ಎಂದು ಹಕ್ಕಿಗಳ ಚಿಲಿಪಿಲಿಯನ್ನು ಸೀಟಿಗಳಿಂದ ಮಾಡಿಸಿದ್ದರು. ಪ್ರೇಕ್ಷಕರು ಅದಕ್ಕೆ ಕೋಳಿ ಕೂಗಿ, ಕತ್ತೆ ಅರಚಿ, ದನದಂತೆ ಅಂಬಾ ಎಂದು ಉತ್ತರ ಕೊಟ್ಟರು. ಒಂದು ಹೆಣ್ಣಿನ ಬದುಕು ಕುಸಿಯುವ ಗಳಿಗೆಯಲ್ಲಿ ಸಭಾಂಗಣ ಸಂತೆಯಾಗಿತ್ತು. ಇದನ್ನು ಓದುವಾಗಲೆಲ್ಲ ನನಗೆ ಸ್ತೋರ್ಕಿಯೊ ನೆನಪಾಗುತ್ತಾರೆ. ಆ ಗದ್ದಲದಲ್ಲಿ, ಮೈಮೇಲೆ ಅಷ್ಟು ಕೊಳಕು ಮಾತು ಬಿದ್ದ ಮೇಲೂ, ಆ ಹೆಣ್ಣುಮಗಳು ಕೊನೆಯವರೆಗೂ ಹಾಡಿದರು.

ಪ್ರತಿಸ್ಪರ್ಧಿಗಳು ದುಡ್ಡು ಕೊಟ್ಟು ಕೂಗಿಸಿದರು ಎಂದು ಪುಚ್ಚಿನಿಯ ಕಡೆಯವರು ನಂಬಿದ್ದರು. ಇರಬಹುದು. ಆಗ ಚಪ್ಪಾಳೆಗೂ ಸೀಟಿಗೂ ಬಾಡಿಗೆ ಜನ ಸಿಗುತ್ತಿದ್ದದ್ದು ಗುಟ್ಟೇನಲ್ಲ. ಆದರೆ ಬಾಡಿಗೆಯವರ ದನಿಗೆ ದನಿಗೂಡಿಸಿದವರು ದುಡ್ಡು ಕೊಟ್ಟು ಒಳಗೆ ಬಂದವರೇ. ಒಂದೇ ಪ್ರದರ್ಶನ, ಅಷ್ಟಕ್ಕೇ ಪುಚ್ಚಿನಿ ಕೃತಿಯನ್ನು ಹಿಂತೆಗೆದುಕೊಂಡರು, ಬಂದ ಸಂಭಾವನೆಯನ್ನೂ ವಾಪಸು ಕೊಟ್ಟರು. ತಿದ್ದಿ, ಕತ್ತರಿಸಿ, ಸೇರಿಸಿ, ಅದೇ ಮೇ 28ರಂದು ಬ್ರೆಶಾ ಊರಿನ ರಂಗಮಂದಿರದಲ್ಲಿ ಮತ್ತೆ ಆಡಿಸಿದರು. ಅಲ್ಲಿ ದೊಡ್ಡ ಜಯ. ನಮ್ಮ ಕಂಪನಿ ನಾಟಕಗಳಲ್ಲಿ 'ಒನ್ಸ್ ಮೋರ್' ಬೀಳುತ್ತಿದ್ದ ಹಾಗೆ ಹಾಡುಗಳನ್ನು ಮತ್ತೆ ಮತ್ತೆ ಹಾಡಿಸಿದರು. ಆಮೇಲೆ ಪುಚ್ಚಿನಿ ಬದುಕಿರುವವರೆಗೂ ಲಾ ಸ್ಕಾಲಾದಲ್ಲಿ ಬಟರ್‌ಫ್ಲೈ ಆಗಲಿಲ್ಲ. ಅವರು ತೀರಿಕೊಂಡ ಮರುವರ್ಷ, 1925ರಲ್ಲಿ, ತೊಸ್ಕಾನಿನಿ ಅದನ್ನು ಅಲ್ಲಿಗೆ ತಂದರು.

ಎಲ್ಲರೂ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಸೋತಿತು, ತಿದ್ದಿದರು, ಗೆದ್ದಿತು. ನನಗೆ ಇದು ಅರ್ಧ ಕಥೆ. ತಿದ್ದುವಾಗ ಏನು ಹೋಯಿತು ಎಂದು ಯಾರೂ ಕೇಳುವುದಿಲ್ಲ.

ಕೆಲವು ಒಳ್ಳೆಯದಾಯಿತು, ಒಪ್ಪುತ್ತೇನೆ. ಮೂಲದಲ್ಲಿ ಎರಡೇ ಅಂಕ, ಎರಡನೆಯದು ಹೆಚ್ಚುಕಡಿಮೆ ಒಂದೂವರೆ ಗಂಟೆ. ಬ್ರೆಶಾದಲ್ಲಿ ಅದನ್ನು ನಡುವೆ ಪರದೆ ಇಳಿಸಿ ಎರಡು ಮಾಡಿದರು. ಮೊದಲ ಅಂಕದಲ್ಲಿ ಕುಡುಕ ಮಾವನ ಪ್ರಸಂಗದಂಥವು ಹೋದವು, ನಡಿಗೆ ಚುರುಕಾಯಿತು. ಆದರೆ ಜೊತೆಗೆ, ಅಲ್ಲಿಂದ 1906ರ ಪ್ಯಾರಿಸ್ ರೂಪದವರೆಗೆ ನಡೆದ ತಿದ್ದುಪಡಿಗಳಲ್ಲಿ, ಪಿಂಕರ್ಟನ್‌ನ ತಪ್ಪು ಕಾಣದಂತೆ ಸುಣ್ಣ ಬಳಿದರು.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ನೌಕಾ ಅಧಿಕಾರಿ ನಾಗಸಾಕಿಯಲ್ಲಿ ಹದಿನೈದರ ಹುಡುಗಿಯನ್ನು 'ಮದುವೆ'ಯಾಗುತ್ತಾನೆ. ಮನೆಯ ಕರಾರು 999 ವರ್ಷಕ್ಕೆ, ಆದರೆ ಪ್ರತಿ ತಿಂಗಳೂ ಮುರಿಯಬಹುದು. ಹೆಂಡತಿಯ ಕರಾರೂ ಹಾಗೆಯೇ. ಅವನು ಹೋಗುತ್ತಾನೆ, ಅವಳು ಮಗುವನ್ನು ಇಟ್ಟುಕೊಂಡು ಕಾಯುತ್ತಾಳೆ, ಮೂರು ವರ್ಷದ ಮೇಲೆ ಅವನು ಅಮೆರಿಕದ ಹೆಂಡತಿಯ ಜೊತೆ ಮಗುವನ್ನು ಒಯ್ಯಲು ಬರುತ್ತಾನೆ. ಮೂಲ ರೂಪದಲ್ಲಿ ಪಿಂಕರ್ಟನ್ ಮನೆಯ ಆಳುಗಳ ಹೆಸರನ್ನು ಆಡಿಕೊಂಡು 'ಮೂತಿ ಒಂದು, ಮೂತಿ ಎರಡು, ಮೂತಿ ಮೂರು' ಎಂದು ಕರೆಯುತ್ತಾನೆ. ಮದುವೆಗೆ ಬಂದ ನೆಂಟರಿಗೆ ಸಕ್ಕರೆ ಪಾಕದ ಜೇಡ, ನೊಣ ಬಡಿಸಿ ಎನ್ನುತ್ತಾನೆ. ಇದೆಲ್ಲ ಆಮೇಲೆ ಹೋಯಿತು. ಕೊನೆಯಲ್ಲಿ ಅವನ ಪಶ್ಚಾತ್ತಾಪಕ್ಕೆಂದೇ 'ಅದ್ದಿಯೊ ಫಿಯೊರೀತೊ ಅಸಿಲ್' ಎಂಬ ಹಾಡನ್ನು ಹೊಸದಾಗಿ ಸೇರಿಸಿದರು. ಹಾಡು ಚೆಂದ. ಅದೇ ತೊಂದರೆ. ಅಷ್ಟು ಚೆಂದವಾಗಿ ಅತ್ತವನನ್ನು ಪ್ರೇಕ್ಷಕರು ಕ್ಷಮಿಸಿಬಿಡುತ್ತಾರೆ. ಮೂಲದಲ್ಲಿ ಅವನಿಗೆ ಆ ಹಾಡಿಲ್ಲ. ಬರುತ್ತಾನೆ, ಅಳುಕುತ್ತಾನೆ, ಅವಳಿಗೆ ಕೊಡಿ ಎಂದು ಅಮೆರಿಕದ ಕಾನ್ಸಲ್ ಕೈಗೆ ದುಡ್ಡು ಕೊಟ್ಟು ಹೊರಟುಬಿಡುತ್ತಾನೆ. ಮಗುವನ್ನು ಕೇಳುವ ಕೆಲಸ ಅವನ ಹೆಂಡತಿ ಕೇಟ್‌ಳ ಮೇಲೆ ಬೀಳುತ್ತದೆ. ಇಬ್ಬರು ಹೆಂಗಸರು ಮುಖಾಮುಖಿ ನಿಂತು ಆ ಮಾತನ್ನು ಆಡಿ ಮುಗಿಸಬೇಕು.

ಯುರೋಪಿನ ಅಧಿಕಾರ ಏಷ್ಯಾದ ಮೈಮೇಲೆಲ್ಲ ಹರಡಿದ್ದ 1904ರಲ್ಲಿ, ಬಿಳಿಯ ಅಧಿಕಾರಿಯೊಬ್ಬನ ಸೊಕ್ಕನ್ನು ಹೀಗೆ ಬಿಡಿಸಿಟ್ಟದ್ದು ಸಣ್ಣ ಧೈರ್ಯವಲ್ಲ. ಅವತ್ತಿನ ಸಭಿಕರು ಅದಕ್ಕೇ ಕೂಗಿದರು ಎಂದು ನಾನು ಹೇಳುತ್ತಿಲ್ಲ. ಅವರು ಕಿಮೊನೊ ಕಂಡು ಕೂಗಿದರು, ಹಕ್ಕಿ ಸೀಟಿಗೆ ಕೂಗಿದರು. ಆದರೆ ಆ ಕೂಗಿಗೆ ಹೆದರಿ ಶುರುವಾದ ತಿದ್ದುಪಡಿ ಕೃತಿಯ ಹಲ್ಲನ್ನೇ ಕಿತ್ತಿತು. ಭಾರತದಂಥ ದೇಶದಿಂದ ಬಂದವರಿಗೆ ಆ 'ಮೂತಿ ಒಂದು, ಮೂತಿ ಎರಡು' ಹೊಸದಾಗಿ ಕೇಳಿದಂತೆ ಅನ್ನಿಸುವುದಿಲ್ಲ. ನಮ್ಮ ಅಜ್ಜಂದಿರು ಕೇಳಿದ ಮಾತು ಅದು.

2016ರ ಡಿಸೆಂಬರ್ 7ರಂದು ಸಂಗೀತ ನಿರ್ವಾಹಕ ರಿಕಾರ್ಡೊ ಶಾಯಿ ಅದೇ 1904ರ ರೂಪವನ್ನು ಅದೇ ಲಾ ಸ್ಕಾಲಾಕ್ಕೆ ವಾಪಸು ತಂದರು. ನಿರ್ದೇಶನ ಲಾಟ್ವಿಯಾದ ಆಲ್ವಿಸ್ ಹೆರ್ಮಾನಿಸ್‌ರದು, ಬಟರ್‌ಫ್ಲೈ ಉರುಗ್ವೆಯ ಮರಿಯಾ ಹೊಸೆ ಸಿರಿ, ಪಿಂಕರ್ಟನ್ ಬ್ರಯಾನ್ ಹೈಮಲ್. ಮೂರು ದಿನ ಮೊದಲಷ್ಟೇ ಜನಮತಗಣನೆಯಲ್ಲಿ ಸೋತಿದ್ದ ಪ್ರಧಾನಿ ರೆಂಜಿ ಬರಲಿಲ್ಲ, ಪತ್ರಿಕೆಗಳಿಗೆ ಅದೇ ದೊಡ್ಡ ಸುದ್ದಿ. ಊರಿನ ಹಲವು ಕಡೆ ದೊಡ್ಡ ಪರದೆ ಹಾಕಿ ತೋರಿಸುತ್ತಾರೆ. ನಾನು ನೋಡಿದ್ದು ಗಲ್ಲೇರಿಯಾ ಎಂಬ ಹಳೆಯ ಅಂಗಡಿಸಾಲಿನ ಗಾಜಿನ ಗುಮ್ಮಟದ ಕೆಳಗೆ, ಚಳಿಯಲ್ಲಿ, ಜನರ ನಡುವೆ ನಿಂತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ತುಟಿಯಲ್ಲೇ ಹಾಡುತ್ತಿದ್ದರು. ಎಲ್ಲಿ ರೂಪ ಬದಲಾಗುತ್ತದೋ ಅಲ್ಲಿ ಅವರ ತುಟಿ ನಿಲ್ಲುತ್ತಿತ್ತು, ಹುಬ್ಬು ಗಂಟಿಕ್ಕುತ್ತಿತ್ತು, ಮತ್ತೆ ಗೊತ್ತಿದ್ದ ಸಾಲು ಬಂದರೆ ಸೇರಿಕೊಳ್ಳುತ್ತಿದ್ದರು. ಪಿಂಕರ್ಟನ್ ಹಾಡದೆಯೇ ಹೊರಟಾಗ ಅವರು ನನ್ನ ಕಡೆ ತಿರುಗಿ ನೋಡಿದರು, ಏನೂ ಹೇಳಲಿಲ್ಲ.

ಹೆರ್ಮಾನಿಸ್‌ರ ರಂಗಸಜ್ಜಿಕೆ ನನಗೆ ಪೂರ್ತಿ ಹಿಡಿಸಲಿಲ್ಲ. ಜಾರುವ ಫಲಕಗಳು, ಹಳೆಯ ಜಪಾನೀ ಮುದ್ರಣಚಿತ್ರಗಳು, ಜಪಾನಿನ ಕಬುಕಿ ನಾಟಕದಿಂದ ತಂದ ಕೈಸನ್ನೆಗಳು. ಕಣ್ಣಿಗೆ ಹಬ್ಬ ನಿಜ, ಆದರೆ ಅಷ್ಟು ಅಲಂಕಾರದ ನಡುವೆ ಸಿರಿಯವರ ಮುಖ ತಲುಪಲು ತಡವಾಯಿತು. ಸಂಗೀತದ ವಿಷಯದಲ್ಲಿ ಅಂಥ ಮಾತೇ ಇಲ್ಲ. ಎರಡನೆಯ ಅಂಕವನ್ನು ಶಾಯಿ ಎಲ್ಲೂ ಕಡಿಯದೆ ನಡೆಸಿದರು. ಬಾಯಿ ಮುಚ್ಚಿ ಗುನುಗುವ ಆ ಮೇಳಗಾನ ಮುಗಿದಾಗ ಪರದೆ ಬೀಳಲಿಲ್ಲ, ದೀಪ ಬರಲಿಲ್ಲ, ಯಾರೂ ಕಾಫಿಗೆ ಎದ್ದು ಹೋಗಲಿಲ್ಲ. ವಾದ್ಯಗಳು ಹಾಗೆಯೇ ಮುಂದುವರಿದು ರಾತ್ರಿ ಬೆಳಗಾಯಿತು. ಅವಳು ಕಾದಷ್ಟು ಹೊತ್ತು ನಾವೂ ಕಾಯಬೇಕಾಯಿತು. 1904ರಲ್ಲಿ ತೀರಾ ಉದ್ದ ಎಂದು ಬೈಸಿಕೊಂಡದ್ದು ಇದೇ ಭಾಗ. ನನ್ನ ಮಟ್ಟಿಗೆ ಇಡೀ ಕೃತಿಯ ಜೀವ ಇರುವುದು ಇಲ್ಲೇ, ಅದನ್ನು ಎರಡಾಗಿ ಕತ್ತರಿಸಿದ್ದು ತಪ್ಪು. ಆ ಸಂಜೆ ಹತ್ತು ನಿಮಿಷ ದಾಟಿ ಚಪ್ಪಾಳೆ ಬಿತ್ತು, ಲೊಜ್ಜೋನೆಯೂ ಸೇರಿ.

ಹೊಸ ನಿರ್ಮಾಣ ಎಂದರೆ ಹೊಸ ಸೆಟ್ಟು, ಹೊಸ ಬಟ್ಟೆ ಅಷ್ಟೇ ಆದರೆ ನನಗೆ ಅದರಲ್ಲಿ ಆಸಕ್ತಿಯಿಲ್ಲ. ಯಾವುದೋ ಒಂದು ಸಂಜೆಯ ಗದ್ದಲದಲ್ಲಿ ಮುಚ್ಚಿಹೋದ ಪ್ರಶ್ನೆಯನ್ನು ಮತ್ತೆ ತೆರೆದರೆ ಅದು ಹೊಸತು. ಈಗಲೂ ಲೋಕದ ಬಹುಪಾಲು ಒಪೆರಾ ಮನೆಗಳು ತಿದ್ದಿದ ರೂಪವನ್ನೇ ಆಡುತ್ತವೆ, ಪಿಂಕರ್ಟನ್ ಚೆಂದವಾಗಿ ಅಳುತ್ತಲೇ ಇದ್ದಾನೆ. ಹೊಸದಾಗಿ ಬಟರ್‌ಫ್ಲೈ ಮಾಡಹೊರಟವರು ಒಮ್ಮೆಯಾದರೂ ಆ ಹಾಡನ್ನು ಬಿಟ್ಟು, ಎರಡನೆಯ ಅಂಕವನ್ನು ಒಂದೇ ಉಸಿರಿನಲ್ಲಿ ಆಡಿ ನೋಡಬೇಕು.

ಶಾಯಿಯವರ ಪ್ರದರ್ಶನ ಡಿವಿಡಿಯಾಗಿ ಬಂದಿದೆ. ಪಾಶ್ಚಾತ್ಯ ಸಂಗೀತ ಅಷ್ಟಾಗಿ ಕೇಳದವರೂ ಧೈರ್ಯವಾಗಿ ನೋಡಬಹುದು, ಕಥೆ ಸರಳ. ಎರಡೂ ರೂಪ ಕೇಳಿರುವವರು ಇಲ್ಲಿದ್ದರೆ ಕೆಳಗೆ ಬರೆಯಿರಿ. ಪಿಂಕರ್ಟನ್‌ಗೆ ಆ ಹಾಡು ಬೇಕಿತ್ತು ಅನ್ನುವವರ ವಾದ ಏನೆಂದು ನನಗೆ ನಿಜಕ್ಕೂ ತಿಳಿಯಬೇಕಿದೆ.