ಯಾವ ರೂಮಿನ ಟೆಂಪರೇಚರ್?

ಕೇಕಿನ ಪುಸ್ತಕ ತೆರೆದರೆ ಮೊದಲ ಸಾಲಿನಲ್ಲೇ ಒಂದು ಅಪ್ಪಣೆ ಇರುತ್ತದೆ: ಬೆಣ್ಣೆ ರೂಮ್ ಟೆಂಪರೇಚರಿನಲ್ಲಿರಲಿ. ಬರೆದವರು ಯಾವ ರೂಮಿನಲ್ಲಿ ಕೂತು ಬರೆದರೋ! ರಾಯಚೂರಿನ ಅಡುಗೆಮನೆಯಲ್ಲಂತೂ ಕೂತಿರಲಿಲ್ಲ. ಇಲ್ಲಿ ಏಪ್ರಿಲ್ ಕೊನೆಗೆ ಹೊರಗೆ 40 ಡಿಗ್ರಿ ದಾಟಿರುತ್ತದೆ. ಒಳಗೆ ಗ್ಯಾಸ್ ಹಚ್ಚಿದರೆ ಕೇಳುವುದೇ ಬೇಡ. ಬೆಣ್ಣೆಯೋ 32-35 ಡಿಗ್ರಿಗೆಲ್ಲ ಕರಗುವ ಪದಾರ್ಥ. ಫ್ರಿಜ್ಜಿನಿಂದ ತೆಗೆದಿಟ್ಟು, ಬಾಗಿಲಿಗೆ ಬಂದ ಸೊಪ್ಪಿನವಳ ಹತ್ತಿರ ಪುಂಡಿಪಲ್ಯಕ್ಕೆ ಚೌಕಾಸಿ ಮಾಡಿ ಬರುವಷ್ಟರಲ್ಲಿ ಬಟ್ಟಲಲ್ಲಿ ಹಳದಿ ನೀರು. ಒಂದು ವೀಳ್ಯದೆಲೆ ಹಾಕಿ ತುಪ್ಪ ಕಾಯಿಸಿಬಿಡೋಣ ಅನ್ನಿಸುತ್ತದೆ.

ಆ ಅಪ್ಪಣೆ ಸುಮ್ನೆ ಕೊಟ್ಟಿದ್ದಲ್ಲ. ಬೆಣ್ಣೆ ಸಕ್ಕರೆ ಸೇರಿಸಿ ಕಡೆಯುವಾಗ ಸಕ್ಕರೆಯ ಹರಳುಗಳು ಬೆಣ್ಣೆಯೊಳಗೆ ಗಾಳಿ ಸೇರಿಸುತ್ತಾ ಹೋಗುತ್ತವೆ. ಮುಂದೆ ಓವನ್ನಿನಲ್ಲಿ ಆ ಗಾಳಿಯೇ ಹಿಗ್ಗಿ ಕೇಕ್ ಹಗುರಾಗುವುದು. ಸುಮಾರು 18ರಿಂದ 21 ಡಿಗ್ರಿಯಲ್ಲಿ ಬೆಣ್ಣೆ ಬೆರಳಿಗೆ ಮೆತ್ತಗಿರುತ್ತದೆ, ಗಾಳಿ ಹಿಡಿದಿಡುವಷ್ಟು ಗಟ್ಟಿಯೂ ಇರುತ್ತದೆ. ಕರಗಿತೋ, ಗಾಳಿ ನಿಲ್ಲುವುದಿಲ್ಲ. ಕೇಕ್ ಗಿಡ್ಡ, ಭಾರ. ಎಲ್ಲ ಸರಿ. ಹಾಗಿದ್ದರೆ 20 ಡಿಗ್ರಿ ಅಂತ ನೇರವಾಗಿ ಬರೆಯಬಹುದಿತ್ತಲ್ವಾ? ನಮ್ಮೂರಲ್ಲಿ ಅಂಥ ರೂಮು ಸಿಗುವುದು ಡಿಸೆಂಬರಿನ ಬೆಳಗಿನ ಜಾವ ಮಾತ್ರ. ಹಾಗಾಗಿ ಬೆಣ್ಣೆ ಕೇಕು ನನ್ನ ಮಟ್ಟಿಗೆ ಚಳಿಗಾಲದ ಅಡುಗೆ. ಬೇಸಿಗೆಯಲ್ಲಿ ಯಾರದಾದರೂ ಹುಟ್ಟುಹಬ್ಬ ಬಂದರೆ ಸೂರ್ಯಕಾಂತಿ ಎಣ್ಣೆ ಹಾಕಿ, ಮೊಸರು ಸೇರಿಸಿ ಕಲಸುತ್ತೇನೆ. ಶೇಂಗಾ ಎಣ್ಣೆ ಬೇಡ. ವೆನಿಲಾ ಎಷ್ಟು ಸುರಿದರೂ ಬಾಯಿಗೆ ಮಿರ್ಚಿಯ ನೆನಪೇ ಬರುತ್ತದೆ.

ಇದು ಹೊರದೇಶದ ಪುಸ್ತಕಗಳ ಮೇಲಿನ ದೂರು ಅಂದುಕೊಳ್ಳಬೇಡಿ. ಬೆಂಗಳೂರಿನ ಕಡೆಯವರು ಬರೆದ ಅಚ್ಚ ಕನ್ನಡದ ಅಡುಗೆ ಪುಸ್ತಕಗಳೂ ಇದರಲ್ಲಿ ಕಡಿಮೆಯಿಲ್ಲ. ‘ಇಡ್ಲಿ ಹಿಟ್ಟನ್ನು ರಾತ್ರಿಯಿಡೀ ಹುಳಿಯಲು ಬಿಡಿ’ ಅನ್ನುತ್ತವೆ. ಮೇ ತಿಂಗಳಲ್ಲಿ ಸಂಜೆ ರುಬ್ಬಿಟ್ಟ ಹಿಟ್ಟು ನಾವು ಮಲಗುವ ಹೊತ್ತಿಗೆ ಮುಚ್ಚಳ ಎತ್ತಿರುತ್ತದೆ. ಬೆಳಗ್ಗೆ ನೋಡಿದರೆ ಅರ್ಧ ಹಿಟ್ಟು ಕಟ್ಟೆಯ ಮೇಲೆ. ಉಳಿದದ್ದು ಎಷ್ಟು ಹುಳಿ ಅಂದರೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹೆಚ್ಚಿಹಾಕಿ ಪಡ್ಡು ಮಾಡದೆ ಬೇರೆ ದಾರಿಯಿಲ್ಲ. ಇಲ್ಲಿಯ ಹೆಂಗಸರು ಬೇಸಿಗೆಯಲ್ಲಿ ಫ್ರಿಜ್ಜಿನ ನೀರು ಹಾಕಿ ರುಬ್ಬುತ್ತಾರೆ. ಉಪ್ಪನ್ನು ಆಗಲೇ ಬೆರೆಸಿಬಿಡುತ್ತಾರೆ, ಅದು ಹುಳಿಯುವುದನ್ನು ಸ್ವಲ್ಪ ತಡೆಯುತ್ತದೆ. ಈಸ್ಟ್ ಹಾಕಿದ ಬ್ರೆಡ್ ಹಿಟ್ಟಿಗೂ ಇದೇ ಕತೆ. ‘ಎರಡು ಪಟ್ಟು ಆಗಲು ಬೆಚ್ಚಗಿನ ಜಾಗದಲ್ಲಿಡಿ’ ಅನ್ನುತ್ತಾರೆ. ಬೆಚ್ಚಗಿಲ್ಲದ ಜಾಗ ಎಲ್ಲಿದೆ ತೋರಿಸಿ! ಬೇಗ ಉಬ್ಬಿದ ಹಿಟ್ಟಿನ ಬ್ರೆಡ್ಡಿಗೆ ರುಚಿಯೂ ಅಷ್ಟಕ್ಕಷ್ಟೇ. ನಾನು ಅದನ್ನು ಫ್ರಿಜ್ಜಿಗೆ ತಳ್ಳಿ ನಿದ್ದೆ ಮಾಡುತ್ತೇನೆ.

ಕಪ್ಪಿನ ಅಳತೆಯ ಜಗಳ ಎಲ್ಲರಿಗೂ ಗೊತ್ತಿರುವುದೇ. ಪುಸ್ತಕದ ಕಪ್ಪು 240 ಮಿಲಿಲೀಟರ್, ಮನೆಯ ಚಹಾ ಕಪ್ಪು ಅದರ ಅರ್ಧ. ಪಾವು, ಸೇರಿನಲ್ಲಿ ಬೆಳೆದ ನಮ್ಮ ಅತ್ತೆಯವರಿಗೆ ಎರಡೂ ನಗೆಪಾಟಲು.

ಹಾಗಂತ ಅಳತೆ ಇಲ್ಲದ ಹಳೆಯ ಕಾಲವೇ ಚೆಂದ ಅನ್ನುವವಳಲ್ಲ ನಾನು. 16ನೇ ಶತಮಾನದ ಆರಂಭದಲ್ಲೇ ಮೂರನೇ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ ಅಂತ ಅಡುಗೆ ಪುಸ್ತಕ ಬರೆದ, ಅದೂ ವಾರ್ಧಕ ಷಟ್ಪದಿಯಲ್ಲಿ. ಪ್ರಾಸ ಕೂಡಿಸುತ್ತಾ ಅಡುಗೆ ಹೇಳಿದ ಮಹಾನುಭಾವ. ಕೈ ಮುಗಿಯುತ್ತೇನೆ. ಆದರೆ ಒಲೆಯ ಮೇಲೆ ಏನಾದರೂ ಹೊತ್ತುತ್ತಿರುವಾಗ ಷಟ್ಪದಿ ಬಿಡಿಸುತ್ತಾ ಕೂರುವ ತಾಳ್ಮೆ ನನಗಿಲ್ಲ. ‘180 ಡಿಗ್ರಿ, 35 ನಿಮಿಷ’ ಅನ್ನುವ ಒಣ ಸಾಲೇ ಆಗ ದೇವರು. ಓವನ್ನಿನ ಒಳಗಿನ ಲೆಕ್ಕ ಲಂಡನ್ನಿಗೂ ಲಿಂಗಸೂಗೂರಿಗೂ ಒಂದೇ. ತಕರಾರೆಲ್ಲ ಓವನ್ನಿನ ಹೊರಗಿನದು.

ಹೊರಗಿನ ಈ ಹವೆಗೆ ಹೊಂದುವ ಬೇಕಿಂಗ್ ನಮ್ಮಲ್ಲಿ ಇಲ್ಲವೇ ಅಂದರೆ, ಭರ್ತಿ ಇದೆ. ಅದಕ್ಕೆ ಯಾರೂ ಬೇಕಿಂಗ್ ಅಂದಿಲ್ಲ ಅಷ್ಟೇ. ಖಡಕ್ ರೊಟ್ಟಿ ನೋಡಿ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟಿಲ್ಲ. ತಣ್ಣೀರಲ್ಲಿ ಕಲಸಿದರೆ ಒಡೆದುಹೋಗುತ್ತದೆ. ಅದಕ್ಕೇ ಕುದಿಯುವ ನೀರು ಹೊಯ್ಯುವುದು. ಬಿಸಿಗೆ ಹಿಟ್ಟಿನ ಪಿಷ್ಟ ಅರೆಬೆಂದು ಜಿಗಿ ಬರುತ್ತದೆ. ಗಿರಣಿಯಿಂದ ತಂದ ಹಿಟ್ಟು ಹಳತಾದರೆ ಆ ಜಿಗಿಯೂ ಹೋಗುತ್ತದೆ, ತಟ್ಟುವಾಗ ಅಂಚೆಲ್ಲ ಬಿರುಕು. ಆಮೇಲೆ ಕೈಯ ಕೆಲಸ. ಒಂದು ಅಂಗೈ ತಟ್ಟುತ್ತದೆ, ಇನ್ನೊಂದು ರೊಟ್ಟಿಯನ್ನು ತಿರುಗಿಸುತ್ತದೆ. ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಆ ನೀರು ಪೂರ್ತಿ ಆರುವ ಮುಂಚೆ ತಿರುವಬೇಕು. ಅದು ಎಷ್ಟು ಸೆಕೆಂಡು ಅಂತ ಯಾವ ಪುಸ್ತಕದಲ್ಲೂ ಹೇಳಲು ಬರುವುದಿಲ್ಲ, ಹೇಳಿದರೂ ಉಪಯೋಗವಿಲ್ಲ. ಪಕ್ಕದ ಮನೆಯ ಅಕ್ಕನನ್ನು ಕೇಳಿದರೆ, "ನೀರಿನ ಹೊಳಪು ಹೋತಂದ್ರ ತಿರುವೋದ್ರಿ, ಅದನ್ನೇನ್ ಕೇಳ್ತೀರಿ" ಅಂದರು.

ಮೆತ್ತನೆಯದು ಬೇಕಾದರೆ ಅಷ್ಟಕ್ಕೇ ತಿನ್ನಬಹುದು. ಖಡಕ್ ಬೇಕಾದರೆ ಇನ್ನೂ ತೆಳ್ಳಗೆ ತಟ್ಟಿ, ಸಣ್ಣ ಉರಿಯಲ್ಲಿ ತೇವ ಆರುವ ತನಕ ಒತ್ತಿ ಒತ್ತಿ ಬೇಯಿಸಬೇಕು. ಮುಂದಿನ ಕೆಲಸ ಗಾಳಿಯದು. ನಮ್ಮ ಒಣ ಗಾಳಿಗೆ ರೊಟ್ಟಿ ವಾರಗಟ್ಟಲೆ ಹಪ್ಪಳದ ಹಾಗೆ ಇರುತ್ತದೆ. ಬೆಣ್ಣೆಯ ಮಟ್ಟಿಗೆ ಶತ್ರುವಾದ ಹವೆ ಇಲ್ಲಿ ಪುಕ್ಕಟೆ ಕೆಲಸದಾಳು. ಬಿಸ್ಕತ್ತಿನಲ್ಲೂ ಅಷ್ಟೇ. ಮಂಗಳೂರಲ್ಲಿರುವ ಗೆಳತಿ ಡಬ್ಬಿ ಮುಚ್ಚುವುದು ಮರೆತರೆ ಸಂಜೆಗೆ ಬಿಸ್ಕತ್ತು ಮೆತ್ತಗಾಗುತ್ತದಂತೆ. ನನ್ನ ಡಬ್ಬಿಗೆ ಬೇಸಿಗೆಯಲ್ಲಿ ಮುಚ್ಚಳ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮೈದಾ ಕೂಡ ಒಣಗಿರುತ್ತದೆ. ಹಿಟ್ಟು ಕಲಸುವಾಗ ಪುಸ್ತಕ ಹೇಳಿದ್ದಕ್ಕಿಂತ ಎರಡು ಚಮಚ ನೀರು ಜಾಸ್ತಿ ಕುಡಿಯುತ್ತದೆ.

ಬೆಂಗಳೂರಲ್ಲಿರುವ ಅಕ್ಕನ ಮಗಳಿಗೆ ನನ್ನ ಅಕ್ಕಿ ಸಂಡಿಗೆಯ ವಿಧಾನ ಬೇಕಿತ್ತು. ಅಳತೆ ಸಮೇತ ಬರೆದು ಕಳಿಸಿದೆ. ಕೊನೆಯ ಸಾಲು: ಎರಡು ದಿನ ಬಿಸಿಲಿಗೆ ಒಣಗಿಸಬೇಕು. ಅವಳು ಮಾಡಿದ್ದು ಜುಲೈ ತಿಂಗಳಲ್ಲಿ, ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ.

"ಚಿಗವ್ವ, ವಾರ ಆತು, ಇನ್ನೂ ಹಸೀನೇ ಅದ. ಒಂದಿಷ್ಟಕ್ಕ ಬೂಜು ಬ್ಯಾರೆ ಹಿಡದದ. ನೀ ಎರಡ ದಿನ ಅಂತ ಬರದಿದ್ದಿ!"

"ಬಿಸಿಲಿಗೆ ಅಂತನೂ ಬರದಿದ್ದೆ" ಅಂದೆ. ತಪ್ಪೆಲ್ಲ ಬೆಂಗಳೂರಿನ ಮೋಡದ್ದು ಅಂತ ತೀರ್ಮಾನ ಆಯಿತು. ಮುಂದಿನ ಬೇಸಿಗೆ ರಜೆಗೆ ಇಲ್ಲಿಗೇ ಬರುತ್ತಾಳಂತೆ. ಅಕ್ಕಿ, ಜೀರಿಗೆ, ಮಾಳಿಗೆ, ಪ್ಲಾಸ್ಟಿಕ್ ಹಾಳೆ ಎಲ್ಲ ನನ್ನದು. ಮಧ್ಯಾಹ್ನ ಕೋಲು ಹಿಡಿದು ಕಾಗೆ ಕಾಯುವ ಕೆಲಸ ಮಾತ್ರ ಅವಳದು ಅಂತ ಈಗಲೇ ಹೇಳಿಟ್ಟಿದ್ದೇನೆ.